ಗೋಲು ಕಾಣದ ತಂಡ, ಗುರುವಿನ ತೊಳಲಾಟ

ಕಳೆದ ಮಳೆಗಾಲದಲ್ಲಿ ನಾವು ಮಂಗಳೂರಿನ ಬಿಜೈಯಲ್ಲಿರುವ ನಮ್ಮ ತಮ್ಮನ ಮನೆಯಲ್ಲಿ ಕೆಲವು ದಿನ ತಂಗಿದ್ದೆವು. ಒಂದು ರಾತ್ರಿ ಪ್ರಸಾದ ಮುಗಿದು, ಬಸ್ ನಿಲ್ದಾಣದ ಕಡೆಯ ಗದ್ದಲವು ಅಡಗುವ ಹೊತ್ತಿಗೆ ತಮ್ಮನ ಹಿರಿಯ ಮಗನು ಬಂದು ನಮ್ಮೆದುರು ಕುಳಿತನು. ಆತನು ಶಾಲೆಯೊಂದರ ದೈಹಿಕ ಶಿಕ್ಷಕ. ಅಲ್ಲಿಯ ಬಾಲಕರ ಕಾಲ್ಚೆಂಡಿನ ತಂಡವನ್ನು ತಯಾರಿಸುವ ಹೊಣೆಯೂ ಆತನದೇ.

"ದೊಡ್ಡಪ್ಪ, ಈ ತಂಡದ ಕೆಲಸ ನನಗೆ ಬೇಡವೆಂದು ನಾಳೆ ಬರೆದುಕೊಡುತ್ತೇನೆ" ಎಂದನು.

ಕಾರಣವನ್ನು ಕೇಳಿದೆವು. ನಾಲ್ಕು ಪಂದ್ಯಗಳಾದರೂ ತಂಡವು ಒಂದು ಗೋಲನ್ನೂ ಹೊಡೆದಿರಲಿಲ್ಲ. ಎದುರಾಳಿಗಳಿಗೆ ಬಿಟ್ಟುಕೊಟ್ಟ ಗೋಲುಗಳೂ ಎರಡೇ. "ತಡೆಯುವುದನ್ನು ಕಲಿಸಿದೆ, ಹೊಡೆಯುವುದನ್ನು ಕಲಿಸಲು ಬರುತ್ತಿಲ್ಲ" ಎಂಬುದು ಆತನ ಕೊರಗು. ಕೊನೆಯ ಪಂದ್ಯದಲ್ಲಿ ಸಿಟ್ಟು ತಾಳಲಾರದೆ, ಮುಂದೆ ಆಡುವ ಹುಡುಗನನ್ನು ಎಲ್ಲರೆದುರಿಗೆ ಗದರಿಸಿದ್ದನು. ಆ ಹುಡುಗನು ಮರುದಿನದಿಂದ ಮೈದಾನಕ್ಕೇ ಬಂದಿರಲಿಲ್ಲ.

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿ ಬೆಳೆದ ನಮಗೆ ಈ ಆಟದ ಪರಿಚಯ ಅಷ್ಟಕ್ಕಷ್ಟೇ. ಆದರೆ ಶಿಷ್ಯನ ಏಳಿಗೆ ಕಾಣದಿದ್ದಾಗ ಗುರುವಿಗೆ ಆಗುವ ಬೇಗೆ ನಮಗೆ ಹೊಸದಲ್ಲ. ಆದುದರಿಂದ ಆತನು ಹೇಳಿದ ವಿಷಯಗಳನ್ನು ಕೇಳಿ, ಪತ್ರಿಕೆಗಳನ್ನು ತಿರುವಿಹಾಕಿ, ನಮ್ಮ ನಾಡಿನಲ್ಲೇ ನಡೆದ ಒಂದು ಪ್ರಸಂಗವನ್ನು ಮನನ ಮಾಡಿದೆವು. ಮಕ್ಕಳನ್ನು ಬೆಳೆಸುವ ಎಲ್ಲ ಮನೆಗಳಿಗೂ ಅದರಿಂದ ತಿಳಿಯುವುದಿದೆ ಎಂದೆನಿಸಿ ಇಲ್ಲಿ ಬರೆಯುತ್ತಿದ್ದೇವೆ.

ಬೆಂಗಳೂರು ಎಫ್.ಸಿ. ಎಂಬ ತಂಡವು ೨೦೧೩ರಲ್ಲಿ ಸ್ಥಾಪನೆಯಾಯಿತು. ಸ್ಪೇನ್ ದೇಶದ ಕಾರ್ಲೆಸ್ ಕ್ವಾದ್ರಾತ್ ಎಂಬವರು ಅಲ್ಲಿ ಮೊದಲು ಸಹಾಯಕ ತರಬೇತುದಾರರಾಗಿದ್ದು, ೨೦೧೮ರಲ್ಲಿ ಮುಖ್ಯ ತರಬೇತುದಾರರಾದರು. ಮೊದಲ ವರ್ಷವೇ ತಂಡವು ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ೨೦೧೯ರ ಮಾರ್ಚ್ ೧೭ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಗೋವಾ ತಂಡದ ಮೇಲೆ ಬಂದ ಏಕೈಕ ಗೋಲು ಹೆಚ್ಚುವರಿ ಅವಧಿಯದು, ಆಟದ ೧೧೭ನೆಯ ನಿಮಿಷದ್ದು. ಕಾರ್ನರ್ ಕಿಕ್‌ನಿಂದ ತೇಲಿಬಂದ ಚೆಂಡಿಗೆ ತಲೆಕೊಟ್ಟವರು ರಾಹುಲ್ ಭೇಕೆ. ಅವರು ಮುಂಪಡೆಯ ಆಟಗಾರರಲ್ಲ, ಹಿಂಪಡೆಯವರು. ಗೆಲುವಿನ ಸಂಭ್ರಮದಲ್ಲಿ ಇದನ್ನು ಯಾರೂ ಹೆಚ್ಚು ಗಮನಿಸಲಿಲ್ಲ. ಆದರೆ ಮುಂದೆ ಬರಲಿದ್ದ ಕಷ್ಟದ ಸೂಚನೆ ಅದರೊಳಗೇ ಅಡಗಿತ್ತೆಂದು ಈಗ ತೋರುತ್ತದೆ.

ಆ ವರ್ಷ ಮುಗಿದ ಮೇಲೆ ವೆನೆಜುವೆಲಾದ ಮುಂಪಡೆ ಆಟಗಾರ ಮೀಕು ತಂಡವನ್ನು ಬಿಟ್ಟು ಹೋದರು. ಅವರ ಸ್ಥಾನವನ್ನು ತುಂಬುವ ಯತ್ನಗಳು ಫಲಿಸಲಿಲ್ಲ. ೨೦೧೯-೨೦ರ ಲೀಗ್ ಹಂತದ ೧೮ ಪಂದ್ಯಗಳಲ್ಲಿ ಬೆಂಗಳೂರು ಬಿಟ್ಟುಕೊಟ್ಟ ಗೋಲುಗಳು ಕೇವಲ ೧೩. ಹೊಡೆದ ಗೋಲುಗಳೂ ೨೨ ಮಾತ್ರ. ಅದೇ ವರ್ಷ ಗೋವಾ ತಂಡವು ಅಷ್ಟೇ ಪಂದ್ಯಗಳಲ್ಲಿ ೪೬ ಗೋಲುಗಳನ್ನು ಹೊಡೆದಿತ್ತು. ಬೆಂಗಳೂರಿನ ಗೋಲುಗಳಲ್ಲಿಯೂ ದೊಡ್ಡ ಪಾಲು ನಾಯಕ ಸುನಿಲ್ ಛೆಟ್ರಿಯವರದು. ಕಾರ್ನರ್ ಕಿಕ್, ಫ್ರೀ ಕಿಕ್‌ಗಳ ಆಸರೆಯೂ ಬಹಳವಿತ್ತು. ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಬೆಂಗಳೂರಿನಲ್ಲಿ ೧-೦ರಿಂದ ಗೆದ್ದ ತಂಡವು, ಕೊಲ್ಕತ್ತದಲ್ಲಿ ೧-೩ರಿಂದ ಸೋತು ಹೊರಬಿದ್ದಿತು. ಒಂದು ಗೋಲನ್ನು ಕಾಯುವುದನ್ನು ಬಲ್ಲ ತಂಡಕ್ಕೆ, ಎರಡನೆಯದನ್ನು ಹುಟ್ಟಿಸುವುದು ಸುಲಭವಾಗಿರಲಿಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಮೀಕು ಅವರ ಬಳಿಕ ಬಂದವರಲ್ಲಿ ಸ್ಪೇನಿನ ಮಾನುಯೆಲ್ ಓನ್ವು ಒಬ್ಬರು. ಬೆಂಗಳೂರಿನಲ್ಲಿ ಅವರು ಗೋಲಿಗಾಗಿ ಪರದಾಡಿದರು. ೨೦೨೦ರ ಜನವರಿಯಲ್ಲಿ ಅವರನ್ನು ಒಡಿಶಾ ತಂಡಕ್ಕೆ ಎರವಲು ಕೊಡಲಾಯಿತು. ಅಲ್ಲಿ ಅದೇ ಆಟಗಾರರು ಕೆಲವೇ ಪಂದ್ಯಗಳಲ್ಲಿ ೭ ಗೋಲುಗಳನ್ನು ಹೊಡೆದರು! ಕಾಲು ಅದೇ, ಚೆಂಡು ಅದೇ. ಬದಲಾದುದು ಅವರ ಸುತ್ತಲಿನ ಆಟ. ಒಂದು ಹೊಲದಲ್ಲಿ ಮೊಳೆಯದ ಬೀಜವು ಇನ್ನೊಂದು ಹೊಲದಲ್ಲಿ ತೆನೆಯಾದರೆ, ದೋಷವನ್ನು ಬೀಜದ ಮೇಲೆ ಮಾತ್ರ ಹೊರಿಸುವುದು ನ್ಯಾಯವೇ?

ರಕ್ಷಣೆಗಿಂತ ಆಕ್ರಮಣವನ್ನು ಕಲಿಸುವುದು ಏಕೆ ಕಠಿಣ? ರಕ್ಷಣೆಯು ಬಹುಮಟ್ಟಿಗೆ ನಿಯಮಪಾಲನೆ. ಇಲ್ಲಿ ನಿಲ್ಲು, ಅವನನ್ನು ಬಿಡಬೇಡ, ಸಾಲು ಮುರಿಯಬೇಡ ಎಂದು ವಿಧಿಸಬಹುದು. ಆಕ್ರಮಣಕ್ಕೆ ಹೀಗೆ ಅಪ್ಪಣೆ ಕೊಡಲು ಬರುವುದಿಲ್ಲ. ಒಬ್ಬನು ಚೆಂಡನ್ನು ಕೊಡುವ ಕ್ಷಣ, ಇನ್ನೊಬ್ಬನು ಓಡುವ ಕ್ಷಣ, ಮೂರನೆಯವನು ಎದುರಾಳಿಯನ್ನು ಬೇರೆಡೆಗೆ ಸೆಳೆದು ಜಾಗ ತೆರೆಯುವ ಕ್ಷಣ, ಈ ಮೂರೂ ಒಂದಾಗಬೇಕು. ಮುಂದಿನವನು ಮೊದಲೇ ಓಡಿದರೆ ಆಫ್‌ಸೈಡ್, ತಡಮಾಡಿದರೆ ಚೆಂಡು ಎದುರಾಳಿಯ ಪಾಲು. ಪರಸ್ಪರ ನಂಬಿಕೆಯಿಲ್ಲದೆ ಈ ಹೊಂದಾಣಿಕೆ ಹುಟ್ಟದು. ನಂಬಿಕೆಯನ್ನು ಗದರಿಸಿ ಹುಟ್ಟಿಸಿದವರನ್ನು ನಾವು ಈವರೆಗೆ ಕಂಡಿಲ್ಲ.

ಕ್ವಾದ್ರಾತ್ ಅವರಿಗೆ ಈ ಗಂಟನ್ನು ಬಿಡಿಸಲು ಕಾಲವು ಒದಗಲಿಲ್ಲ. ಮಹಾಮಾರಿಯ ಆ ದಿನಗಳಲ್ಲಿ ಪಂದ್ಯಗಳೆಲ್ಲ ಗೋವಾದಲ್ಲಿಯೇ, ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ನಡೆದವು. ಸತತ ಮೂರು ಸೋಲುಗಳಾದವು. ಅವುಗಳಲ್ಲಿ ಎರಡರಲ್ಲಿ ತಂಡವು ಗೋಲನ್ನೇ ಕಾಣಲಿಲ್ಲ. ೨೦೨೧ರ ಜನವರಿ ೬ರಂದು ಅವರು ತಂಡದಿಂದ ನಿರ್ಗಮಿಸಿದರು. ಪ್ರಶಸ್ತಿ ಗೆದ್ದುಕೊಟ್ಟು ಎರಡು ವರ್ಷವೂ ತುಂಬಿರಲಿಲ್ಲ. ಆದರೆ ಅವರ ವಿದ್ಯೆ ಅಲ್ಲಿಗೆ ಮುಗಿಯಲಿಲ್ಲ. ೨೦೨೪ರ ಜನವರಿಯಲ್ಲಿ ಅವರ ತರಬೇತಿಯ ಈಸ್ಟ್ ಬೆಂಗಾಲ್ ತಂಡವು ಸೂಪರ್ ಕಪ್ ಗೆದ್ದಿತು.

ಇದು ಒಂದು ತಂಡದ ಕಷ್ಟ ಮಾತ್ರವಲ್ಲ. ನಮ್ಮ ಲೀಗ್‌ನ ತಂಡಗಳು ಗೋಲು ಹೊಡೆಯುವ ಸ್ಥಾನಕ್ಕೆ ಬಹುಕಾಲ ವಿದೇಶಿಯರನ್ನೇ ನೆಚ್ಚಿದ್ದರಿಂದ, ನಮ್ಮ ಹುಡುಗರಿಗೆ ಆ ಸ್ಥಾನದಲ್ಲಿ ಎಡವಿ ಕಲಿಯುವ ಅವಕಾಶ ಕಡಿಮೆಯಾಯಿತು. ಸುನಿಲ್ ಛೆಟ್ರಿಯವರು ೨೦೨೪ರ ಜೂನ್ ೬ರಂದು ಭಾರತ ತಂಡಕ್ಕೆ ವಿದಾಯ ಹೇಳಿದರು. ಕುವೈತ್ ಎದುರಿನ ಆ ಪಂದ್ಯವೂ ಗೋಲಿಲ್ಲದೆ ಮುಗಿಯಿತು. ಮರುವರ್ಷ, ನಲವತ್ತು ದಾಟಿದ ಅವರನ್ನೇ ದೇಶವು ಮತ್ತೆ ಕರೆಯಬೇಕಾಯಿತು.

ಹಿಂದೆ ಇನ್ನೊಬ್ಬ ಗುರು ಇದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಶಿಕ್ಷಕರು. ೧೯೬೨ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡವು ಮೊದಲ ಪಂದ್ಯವನ್ನು ದಕ್ಷಿಣ ಕೊರಿಯಕ್ಕೆ ೦-೨ರಿಂದ ಸೋತಿತು. ಮುಂದೆ ಹಿಂಪಡೆಯ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ರಹೀಮರು ಅವರನ್ನು ಹೊರಗಿಡಲಿಲ್ಲ, ಮುಂಪಡೆಗೆ ತಂದು ನಿಲ್ಲಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲಿಯೂ ಅಂತಿಮ ಪಂದ್ಯದಲ್ಲಿಯೂ ಗೋಲು ಹೊಡೆದರು. ಅದೇ ಕೊರಿಯವನ್ನು ೨-೧ರಿಂದ ಸೋಲಿಸಿ ಭಾರತವು ಚಿನ್ನ ಗೆದ್ದಿತು. ಮರುವರ್ಷ ಜೂನ್ ತಿಂಗಳಲ್ಲಿ ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಶಿಷ್ಯನಲ್ಲಿ ಶಿಷ್ಯನೇ ಕಾಣದ ಶಕ್ತಿಯನ್ನು ಕಂಡವರು ಅವರು.

ಇಷ್ಟನ್ನೂ ನಾವು ಮಗನಿಗೆ ಹೇಳಿ, "ಆ ಹುಡುಗನಿಗೆ ಚೆಂಡು ಎಷ್ಟು ಸಲ ತಲಪಿತು, ಎಣಿಸಿದ್ದೀಯಾ?" ಎಂದು ಕೇಳಿದೆವು. ಆತನು ಬಹಳ ಹೊತ್ತು ಸುಮ್ಮನಿದ್ದನು. "ಇಡೀ ಆಟದಲ್ಲಿ ನಾಲ್ಕೈದು ಸಲ ಇರಬಹುದು, ದೊಡ್ಡಪ್ಪ" ಎಂದನು. ಮರುದಿನ ಸಂಜೆ ಮಳೆಯಲ್ಲಿಯೇ ಹೊರಟು ಆ ಹುಡುಗನ ಮನೆಗೆ ಹೋಗಿ, ತಾಯಿತಂದೆಗಳ ಎದುರಿನಲ್ಲಿ "ತಪ್ಪು ನನ್ನದು, ನಾಳೆ ಬಾ" ಎಂದು ಹೇಳಿ ಬಂದನು.

ಮುಂದಿನ ಪಂದ್ಯದಲ್ಲಿ ಅವರ ತಂಡವು ೧-೨ರಿಂದ ಸೋತಿತು. ಆದರೂ ಆ ದಿನ ನಮ್ಮ ಮಗನ ಮುಖವು ಅರಳಿತ್ತು. ಗೋಲು ಹೊಡೆದವನು ಆ ಹುಡುಗನಲ್ಲ. ಅವನು ಓಡಿದ ಕಡೆಗೆ ಎದುರಾಳಿಗಳಿಬ್ಬರು ಓಡಿದರು, ತೆರವಾದ ಜಾಗದಲ್ಲಿ ಬೇರೊಬ್ಬನು ಹೊಡೆದನು. ಪತ್ರಿಕೆಯಲ್ಲಿ ವರದಿಯಾದರೂ ಹೊಡೆದವನ ಹೆಸರೇ ಬರುವುದು. ಜಾಗ ತೆರೆದವನು ಯಾರೆಂದು ಗುರುವಿಗೆ ಗೊತ್ತಿರುತ್ತದೆ. ಅದನ್ನು ಗುರುವು ಬಾಯಿಬಿಟ್ಟು ಹೇಳಬೇಕು. ಮಕ್ಕಳ ಅಂಕಪಟ್ಟಿಯನ್ನು ಮಾತ್ರ ನೋಡಿ ಗದರುವ ನಾವೆಲ್ಲರೂ, ಅವರಿಗೆ ಚೆಂಡನ್ನು ತಲಪಿಸಿದೆವೇ ಎಂದು ಒಮ್ಮೆ ನಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.