ಕಾಲ್ಚೆಂಡಾಟಗಾರನ ವೃತ್ತಿಯ ಆಯುಷ್ಯ

ದೇವರಗುಡ್ಡದ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಮೊದಲು ಒಲಿಯುವ ಆಟಗಳೆಂದರೆ ಖೋ ಖೋ, ಕಬಡ್ಡಿ ಮತ್ತು ಕುಸ್ತಿ. ಕಾಲ್ಚೆಂಡಿಗೆ ಇತ್ತ ಗರಡಿಮನೆಯಷ್ಟು ಹಳೆಯ ಬೇರುಗಳಿಲ್ಲ. ಆದರೆ ಆಟ ಯಾವುದೇ ಇರಲಿ, ಶಾಲೆಯ ಹುಡುಗನೊಬ್ಬನು ಜಿಲ್ಲಾ ಪಂದ್ಯದಲ್ಲಿ ಗೆದ್ದು ಪಾರಿತೋಷಕ ಹಿಡಿದು ಮನೆಗೆ ಬಂದಾಗ ಹಿರಿಯರ ಬಾಯಿಂದ ಹೊರಡುವ ಪ್ರಶ್ನೆ ಒಂದೇ: "ಇದು ಎಷ್ಟು ವರ್ಷ ಅನ್ನ ಹಾಕತೈತಿ?" ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಿ ಮಳೆ ಬೆಳೆಗಳ ಅಂದಾಜು ಕಟ್ಟುವ ಜನರು ಮಗನ ಆಟದ ವಿಷಯದಲ್ಲಿಯೂ ಮುಂದಿನದನ್ನು ಅಂದಾಜು ಮಾಡಬಯಸುವುದು ಸಹಜವೇ ಆಗಿದೆ. ಈ ಪ್ರಶ್ನೆಯಲ್ಲಿ ಆಟದ ಬಗೆಗೆ ಅನಾದರವೇನೂ ಇಲ್ಲ. ಅದಕ್ಕೆ ಉತ್ತರ ಹೇಳಲು ನಮ್ಮ ನಾಡಿನಲ್ಲಿ ಬೆಂಗಳೂರಿನ ಕಾಲ್ಚೆಂಡಾಟಗಾರರ ಚರಿತ್ರೆಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಮೊದಲು ದೇಹದ ಮಾತು. 90 ನಿಮಿಷಗಳ ಒಂದು ಪಂದ್ಯದಲ್ಲಿ ಉನ್ನತ ದರ್ಜೆಯ ಆಟಗಾರನು ಸುಮಾರು 10ರಿಂದ 12 ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸುತ್ತಾನೆ. ಈ ಓಟವು ರಸ್ತೆಯ ಮೇಲಿನ ಸಮಗತಿಯ ಓಟವಲ್ಲ. ನಿಲ್ಲುವುದು, ಥಟ್ಟನೆ ತಿರುಗುವುದು, ಮತ್ತೆ ಬಾಣದಂತೆ ಚಿಮ್ಮುವುದು, ಇವೆಲ್ಲ ಅದರಲ್ಲಿ ಸೇರಿವೆ. ಮೊಣಕಾಲಿನೊಳಗಿನ ಅಸ್ಥಿಬಂಧಗಳೂ ತೊಡೆಯ ಹಿಂಭಾಗದ ಸ್ನಾಯುಗಳೂ ಈ ತಿರುವುಗಳಲ್ಲಿಯೇ ಹರಿಯುತ್ತವೆ. ವಯಸ್ಸು 30 ದಾಟಿತೆಂದರೆ ಚಿಮ್ಮುವ ವೇಗವು ಎಲ್ಲಕ್ಕಿಂತ ಮೊದಲು ಕುಗ್ಗುತ್ತದೆ. ದಮ್ಮು ಅನಂತರ ಕುಗ್ಗುತ್ತದೆ. ಆಟದ ತಿಳಿವಳಿಕೆ ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಆದುದರಿಂದ ವೇಗವನ್ನೇ ನಂಬಿದ ಅಂಚಿನ ಮುನ್ನಡೆ ಆಟಗಾರನು ಬೇಗ ಹಿಂದೆ ಸರಿಯುತ್ತಾನೆ, ಗೋಲುರಕ್ಷಕನು ಬಹುಕಾಲ ಬಾಳುತ್ತಾನೆ. ಇಟಲಿಯ ಗೋಲುರಕ್ಷಕ ಡಿನೊ ಜಾಫ್ 1982ರಲ್ಲಿ ವಿಶ್ವಕಪ್ಪನ್ನು ಎತ್ತಿ ಹಿಡಿದಾಗ ಅವರ ವಯಸ್ಸು 40. ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅಂಚಿನ ಆಟಗಾರರಾಗಿದ್ದೂ 1965ರಲ್ಲಿ, 50 ತುಂಬಿದ ಮೇಲೆ, ಮೊದಲ ದರ್ಜೆಯ ಲೀಗಿನಲ್ಲಿ ಆಡಿದರು. ಇಂತಹವರು ಅಪವಾದಗಳು. ಅಪವಾದವನ್ನು ನೆಚ್ಚಿ ಸಂಸಾರ ಹೂಡಲಾಗದು. 30ರ ನಂತರದ ಕೆಲವೇ ವರ್ಷಗಳಲ್ಲಿ ಬಹುಮಂದಿಯ ಆಟ ಮುಗಿಯುತ್ತದೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳ ಮೂಲಕ ಬೇರೂರಿದ ಈ ಆಟವು ಅಲ್ಲಿನ ಬಡ ಬೀದಿಗಳ ಹುಡುಗರ ಬರಿಗಾಲಿಗೆ ಒಗ್ಗಿಕೊಂಡಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತವು 1-2ರಿಂದ ಸೋತಿತಾದರೂ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬ ಪ್ರತಿಭಾವಂತರು ಅಹ್ಮದ್ ಖಾನ್.

ಆಟದ ಆಯುಷ್ಯದ ವಿಷಯದಲ್ಲಿ ಅಹ್ಮದ್ ಖಾನರ ಜೀವನವು ವಿಶೇಷವಾಗಿ ಪರಿಶೀಲನಾರ್ಹವಾಗಿದೆ. 1949ರಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದ ಅವರು ಸುಮಾರು ಹತ್ತು ವರ್ಷ ಅಲ್ಲಿಯೇ ಆಡಿದರು. ಅವರೂ ಬೆಂಗಳೂರಿನವರೇ ಆದ ಧನರಾಜರೂ ಸೇರಿದಂತೆ ಐವರು ಮುನ್ನಡೆ ಆಟಗಾರರನ್ನು ಬಂಗಾಳದ ಜನ "ಪಂಚಪಾಂಡವರು" ಎಂದು ಕರೆಯುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು ಭಾರತವು 1-10ರಿಂದ ಹೀನಾಯವಾಗಿ ಸೋತಿತು. ಭಾರತದ ಆ ಒಂದು ಗೋಲು ಅಹ್ಮದ್ ಖಾನರದು. ಆ ಸೋಲಿನ ತರುವಾಯ ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು. ಬರಿಗಾಲಿನ ಬೆರಳುಗಳಿಂದ ಚೆಂಡನ್ನು ಅರಿತವರಿಗೆ ಇದು ಸಾಮಾನ್ಯ ಬದಲಾವಣೆಯಲ್ಲ. ಕುಂಚ ಹಿಡಿದ ಕೈಗೆ ಗವಸು ತೊಡಿಸಿದಂತೆಯೇ ಸರಿ. ಅಂತಹ ಕಾಲದಲ್ಲಿಯೂ ಅವರು ದಶಕದ ಕೊನೆಯವರೆಗೆ ಬಾಳಿದರೆಂದರೆ, ಅವರ ಆಟವು ಓಟಕ್ಕಿಂತ ಹೆಚ್ಚಾಗಿ ಚೆಂಡಿನ ಮೇಲಿನ ಹಿಡಿತವನ್ನು ಅವಲಂಬಿಸಿದ್ದುದೇ ಕಾರಣವೆನ್ನಬೇಕು. 2017ರಲ್ಲಿ, 90ರ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಆ ಕಾಲದಲ್ಲಿ ಆಟವನ್ನೇ ವೃತ್ತಿಯನ್ನಾಗಿ ಉಳ್ಳವರು ಈಗಿನ ಅರ್ಥದಲ್ಲಿ ಇರಲಿಲ್ಲ. ಅನ್ನ ಹಾಕುತ್ತಿದ್ದುದು ಕಾರ್ಖಾನೆ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹೀಗೆ ಒಂದರ ಬೆನ್ನಿಗೆ ಒಂದು ಸ್ಥಾಪನೆಗೊಂಡವು. ಎಚ್.ಎ.ಎಲ್., ಐ.ಟಿ.ಐ.ಗಳಂತಹ ಸಂಸ್ಥೆಗಳು ಕಾಲ್ಚೆಂಡಿನ ತಂಡಗಳನ್ನು ಕಟ್ಟಿ, ಆಡಬಲ್ಲ ತರುಣರನ್ನು ಗುಮಾಸ್ತರಾಗಿಯೋ ಕುಶಲಕರ್ಮಿಗಳಾಗಿಯೋ ನೇಮಿಸಿಕೊಂಡವು. ಇಂತಹ ವ್ಯವಸ್ಥೆಯಲ್ಲಿ ಆಟಗಾರನು ಅರ್ಧ ದಿನ ಮೇಜಿನ ಮುಂದೆ, ಅರ್ಧ ದಿನ ಮೈದಾನದಲ್ಲಿ. ಮೊಣಕಾಲು ಕೈಕೊಟ್ಟ ದಿನ ಆಟ ನಿಲ್ಲುತ್ತಿತ್ತು, ಸಂಬಳ ನಿಲ್ಲುತ್ತಿರಲಿಲ್ಲ. ಮೈದಾನದಲ್ಲಿ ಹತ್ತೋ ಹನ್ನೆರಡೋ ವರ್ಷ ಬಾಳಿದವನು ಹಾಜರಿ ಪುಸ್ತಕದಲ್ಲಿ ನಿವೃತ್ತಿಯವರೆಗೂ ಬಾಳುತ್ತಿದ್ದನು. ಭವಿಷ್ಯ ನಿಧಿ, ವೈದ್ಯಕೀಯ ಸೌಲಭ್ಯಗಳೂ ಇದ್ದವು. ಮೈಸೂರು ರಾಜ್ಯದ ತಂಡವು 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದುದು ಈ ವ್ಯವಸ್ಥೆಯ ಏರುಗಾಲದಲ್ಲಿಯೇ. ಅದೇ ಗೌರವ ಮರಳಿ ಕರ್ನಾಟಕಕ್ಕೆ ಬರಲು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ ತಿಂಗಳಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು ಅದನ್ನು ಪಡೆಯಿತು.

ಆಟವೇ ವೃತ್ತಿಯಾದ ಮೇಲಿನ ಕಾಲಕ್ಕೆ ಕಾರ್ಲ್‌ಟನ್ ಚಾಪ್‌ಮನ್ ಸಾಕ್ಷಿ. 1971ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತರಬೇತಿ ಹೊಂದಿ, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಪಂಜಾಬಿನ ಜೆ.ಸಿ.ಟಿ. ತಂಡದೊಡನೆ 1996-97ರ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದರು. ಭಾರತ ತಂಡದ ನಾಯಕತ್ವವನ್ನೂ ವಹಿಸಿದರು. 2001ರಲ್ಲಿ ಈಸ್ಟ್ ಬೆಂಗಾಲ್ ನಾಯಕರಾಗಿ ಮತ್ತೆ ರಾಷ್ಟ್ರೀಯ ಲೀಗನ್ನು ಗೆದ್ದು ಅದೇ ವರ್ಷ ಆಟದಿಂದ ನಿವೃತ್ತರಾದರು. ಆಗ ಅವರ ವಯಸ್ಸು 30. ಆ ಬಳಿಕ ತರಬೇತುದಾರರಾಗಿ ದುಡಿದರು. 2020ರ ಅಕ್ಟೋಬರಿನಲ್ಲಿ ಹೃದಯಾಘಾತದಿಂದ 49ನೆಯ ವಯಸ್ಸಿಗೇ ತೀರಿಕೊಂಡರು. ಎಂಟು ವರ್ಷಗಳ ಉಚ್ಚ್ರಾಯ, ಅದರ ಹಿಂದೆ ಬಾಳನ್ನೆಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕಾದ ಹೊಣೆ: ಸಂಬಳದ ಆಟಗಾರನ ಲೆಕ್ಕ ಸಾಮಾನ್ಯವಾಗಿ ಇಷ್ಟೇ.

ಇದಕ್ಕೆ ಎದುರಾಗಿ ಸುನಿಲ್ ಛೆಟ್ರಿಯವರ ಹೆಸರನ್ನು ವಿದ್ಯಾರ್ಥಿಗಳು ಎತ್ತುವುದುಂಟು. ಛೆಟ್ರಿಯವರು ಕನ್ನಡ ನಾಡಿನಲ್ಲಿ ಜನಿಸಿದವರಲ್ಲವಾದರೂ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಯ ಮುಖವೇ ಆಗಿಹೋದವರು. 2005ರಿಂದ 2024ರ ಜೂನ್‌ವರೆಗೆ ಭಾರತಕ್ಕೆ 151 ಪಂದ್ಯ ಆಡಿ 94 ಗೋಲು ಗಳಿಸಿ ವಿದಾಯ ಹೇಳಿದವರು, 2025ರಲ್ಲಿ 40ರ ವಯಸ್ಸಿನಲ್ಲಿ ಮತ್ತೆ ರಾಷ್ಟ್ರೀಯ ತಂಡಕ್ಕೆ ಮರಳಿದರು. ಅದು ಆಹಾರ ನಿದ್ರೆಗಳ ಕಟ್ಟುನಿಟ್ಟಿನ ಫಲ. ಆದರೆ ದೇಹವೊಂದೇ ಗಟ್ಟಿಯಿದ್ದರೆ ಸಾಲದೆಂಬುದೂ ಅದೇ ವರ್ಷ ತಿಳಿಯಿತು. ದೇಶದ ಪ್ರಮುಖ ಲೀಗಿನ ಭವಿಷ್ಯ ಅನಿಶ್ಚಿತವಾದುದರಿಂದ 2025ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಾರ್ಖಾನೆಯ ತಂಡದ ಹಳೆಯ ಆಟಗಾರನಿಗೆ ಈ ಬಗೆಯ ಆತಂಕ ಇರಲಿಲ್ಲ. ಅವನ ಸಂಬಳ ಅಲ್ಪವಾಗಿತ್ತು, ಆದರೆ ಭದ್ರವಾಗಿತ್ತು.

ಆಟ ಬೇರೆಯಾದರೂ ಉತ್ತರ ಕರ್ನಾಟಕದ ಒಂದು ಉದಾಹರಣೆಯನ್ನು ಇಲ್ಲಿ ಬಿಡಲಾಗದು. ಗದುಗಿನ ಸುನಿಲ್ ಜೋಶಿಯವರು ಬಾಲ್ಯದಲ್ಲಿ ಕ್ರಿಕೆಟ್ ಅಭ್ಯಾಸಕ್ಕೆಂದು ನಸುಕಿನಲ್ಲಿ ಹುಬ್ಬಳ್ಳಿಗೆ ಪಯಣಿಸಿ, ಶಾಲೆಯ ವೇಳೆಗೆ ಗದುಗಿಗೆ ಮರಳುತ್ತಿದ್ದರು. 1992-93ರಲ್ಲಿ ಮೊದಲ ದರ್ಜೆಯ ಕ್ರಿಕೆಟ್ಟಿಗೆ ಕಾಲಿಟ್ಟ ಅವರು 2010-11ರವರೆಗೆ ಆಡಿ 600ಕ್ಕೂ ಹೆಚ್ಚು ವಿಕೆಟ್ಟುಗಳನ್ನು ಗಳಿಸಿದರು. ನಿಧಾನ ಗತಿಯ ಸ್ಪಿನ್ ಬೌಲಿಂಗ್ ದೇಹವನ್ನು ಅಷ್ಟಾಗಿ ಸವೆಸದು. ಕಾಲ್ಚೆಂಡಿನಲ್ಲಿ 18 ಋತುಗಳಿಗೂ ಮಿಗಿಲಾದ ಇಂತಹ ಬಾಳಿಕೆ ಅತಿ ದುರ್ಲಭ.

ಶಾಲೆಯ ಹಂತದಲ್ಲಿ ಇದರ ಅನ್ವಯವು ಬಹಳ ಸರಳವಾಗಿದೆ, ಆದರೂ ಬಹಳ ಕಡೆ ಅಲಕ್ಷಿತವಾಗಿದೆ. 12ರಿಂದ 15ರ ವಯಸ್ಸಿನಲ್ಲಿ ಎಲುಬುಗಳು ಬೇಗ ಬೆಳೆಯುತ್ತವೆ, ಮಂಡಿಯ ಕೆಳಗೆ ಸ್ನಾಯುರಜ್ಜು ಅಂಟಿಕೊಳ್ಳುವ ಜಾಗವು ಇನ್ನೂ ಎಳೆಯದಾಗಿರುತ್ತದೆ. ಒಳ್ಳೆಯ ಆಟಗಾರನೆಂಬ ಕಾರಣಕ್ಕೆ ಅದೇ ಹುಡುಗನನ್ನು ಕಾಲ್ಚೆಂಡು, ಕಬಡ್ಡಿ, ಓಟ ಎಲ್ಲಕ್ಕೂ ಇಳಿಸಿದರೆ ಅಲ್ಲಿ ಊತವೂ ನೋವೂ ಕಾಣಿಸಿಕೊಳ್ಳುತ್ತವೆ. ಅದನ್ನು ಸೋಮಾರಿತನವೆಂದು ಗದರಿಸದೆ ಕೆಲವು ವಾರ ವಿಶ್ರಾಂತಿ ಕೊಟ್ಟರೆ ಬಹುಮಟ್ಟಿಗೆ ತಾನಾಗಿ ಗುಣವಾಗುತ್ತದೆ. ಬಿಸಿಲಿಗೆ ಕಲ್ಲಿನಂತಾಗುವ ಗರಸು ನೆಲದ ಮೇಲಿನ ಆಟವೂ ಮಂಡಿಗೆ ಭಾರವೇ. ದಾನಿಗಳು ಪಾರಿತೋಷಕಗಳಿಗೆ ಕೊಡುವ ಹಣದಲ್ಲಿ ಒಂದು ಪಾಲು ಮೈದಾನಕ್ಕೆ ಮೆತ್ತನೆಯ ಮಣ್ಣು ಹಾಕಿಸಲು, ನೀರು ಹಾಯಿಸಲು ವಿನಿಯೋಗವಾದರೆ ಅದರ ಉಪಯೋಗ ಕಪಾಟಿನಲ್ಲಿ ಧೂಳು ಹಿಡಿಯದು. ಇನ್ನು ಪದವಿಯ ಮಾತು. ಸರ್ಕಾರಿ ಇಲಾಖೆಗಳಲ್ಲಿ, ರೈಲ್ವೆಯಲ್ಲಿ ಕ್ರೀಡಾಪಟುಗಳಿಗೆ ಮೀಸಲಾದ ಹುದ್ದೆಗಳಿಗೂ ಆಯಾ ದರ್ಜೆಗೆ ತಕ್ಕ ವಿದ್ಯಾರ್ಹತೆ ಬೇಕೇ ಬೇಕು. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಲು ಸಾಮಾನ್ಯವಾಗಿ ಬಿ.ಪಿ.ಎಡ್. ಬೇಕು, ಅದಕ್ಕೆ ಮೊದಲು ಪದವಿ ಬೇಕು. ತರಬೇತುದಾರನಾಗಲು 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ. ಹತ್ತನೆಯ ತರಗತಿಯ ಪರೀಕ್ಷೆಗೂ ವಿಭಾಗ ಮಟ್ಟದ ಪಂದ್ಯಕ್ಕೂ ಒಮ್ಮೆಲೇ ಸಿದ್ಧನಾಗುತ್ತಿರುವ ಹುಡುಗನಿಗೆ ಸಂಜೆಯ ಆಟದ ನಂತರ ಒಂದು ಗಂಟೆ ಗಣಿತ ಹೇಳಿಕೊಡುವ ಶಿಕ್ಷಕರು ದೊರೆತರೆ, "ಎಷ್ಟು ವರ್ಷ" ಎಂಬ ಪ್ರಶ್ನೆಗೆ ಮನೆಯ ಹಿರಿಯರಿಗೆ ಹೇಳಲು ಒಂದು ಉತ್ತರ ಸಿಗುತ್ತದೆ.