ಕೊಟ್ಟೆಯ ಲೆಕ್ಕ



ಅಂಗಡಿಯಿಂದ ನಾವು ಏನೇನು ತರ್ತೇವೆ? ಹಾಲು, ಎಣ್ಣೆ, ಉಪ್ಪು, ಚಾ ಪುಡಿ, ಬಿಸ್ಕೀಟು. ಎಲ್ಲವೂ ಕೊಟ್ಟೆಯಲ್ಲೇ ಬರುತ್ತವೆ. ಹಾಲು ಕುಡಿದು ಮುಗಿಯುತ್ತದೆ. ಬಿಸ್ಕೀಟು ತಿಂದು ಮುಗಿಯುತ್ತದೆ. ಕೊಟ್ಟೆ ಮಾತ್ರ ಮುಗಿಯುವುದಿಲ್ಲ. ಅದು ಹಿತ್ತಿಲಿಗೆ ಹೋಗುತ್ತದೆ. ಇಲ್ಲವೇ ಬಚ್ಚಲ ಒಲೆಗೆ ಹೋಗುತ್ತದೆ.

ಈ ಕೊಟ್ಟೆಗೂ ನಮ್ಮ ಮಳೆ ಬಿಸಿಲಿಗೂ ಸಂಬಂಧ ಇದೆ. ಅದು ಹೇಗೆ? ನೋಡೋಣ ಬನ್ನಿ.

ಭೂಮಿಗೆ ಹೊದೆಸಿದ ಕಂಬಳಿ

ಗಾಳಿಯಲ್ಲಿ ಕೆಲವು ಅನಿಲಗಳಿವೆ. ಅವು ಬಿಸಿಲಿನ ಶಾಖವನ್ನು ಹಿಡಿದಿಡುತ್ತವೆ. ಚಳಿಗೆ ನಾವು ಕಂಬಳಿ ಹೊದೆಯುತ್ತೇವಲ್ಲ, ಹಾಗೆ. ಕಂಬಳಿ ಇಲ್ಲದಿದ್ದರೆ ಭೂಮಿ ತಣ್ಣಗಾಗಿ ಹೋಗುತ್ತಿತ್ತು. ಆದರೆ ಈಗ ಕಂಬಳಿ ದಪ್ಪವಾಗುತ್ತಾ ಇದೆ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಬರುತ್ತದೆ. ನೀರು ನಿಂತ ಗದ್ದೆಯಿಂದ, ದನದ ತೇಗಿನಿಂದ ಮೀಥೇನ್ ಎಂಬ ಅನಿಲ ಬರುತ್ತದೆ. ಇವು ಹೆಚ್ಚಾದರೆ ಸೆಕೆ ಹೆಚ್ಚುತ್ತದೆ. ಮಳೆಯ ಹದ ತಪ್ಪುತ್ತದೆ. ಸಮುದ್ರದ ಮಟ್ಟ ಏರುತ್ತದೆ.

ಸಮುದ್ರ ಏರಿದರೆ ನಮಗೇನು ಅನ್ನಬೇಡಿ. ನಮ್ಮ ಮಿರ್ಜಾನ ಇರುವುದು ಅಘನಾಶಿನಿ ಹೊಳೆಯ ಬದಿಗೆ. ಸಮುದ್ರ ಏರಿದಷ್ಟೂ ಉಪ್ಪು ನೀರು ಹೊಳೆಯಲ್ಲಿ ಮೇಲೆ ಮೇಲೆ ಬರುತ್ತದೆ. ಆಗ ಗದ್ದೆಗೂ ಕಷ್ಟ. ಕುಡಿಯುವ ಬಾವಿಗೂ ಕಷ್ಟ.

ನೂರು ರೂಪಾಯಿಯ ಲೆಕ್ಕ

2021ರಲ್ಲಿ ಯುರೋಪಿನ ವಿಜ್ಞಾನಿಗಳು ಒಂದು ಲೆಕ್ಕ ಪ್ರಕಟಿಸಿದರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರೂ ಜೊತೆಗಿದ್ದರು. ಅದು 2015ನೇ ಇಸವಿಯ, ಇಡೀ ಲೋಕದ ಲೆಕ್ಕ. ಮನುಷ್ಯರಿಂದ ಗಾಳಿಗೆ ಸೇರುವ ಈ ಅನಿಲಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ನಮ್ಮ ಊಟದಿಂದಲೇ ಬರುತ್ತದೆ. ಬೆಳೆಯುವುದು, ಸಾಗಿಸುವುದು, ಕಟ್ಟುವುದು, ಬೇಯಿಸುವುದು, ಬಿಸಾಡುವುದು ಎಲ್ಲ ಸೇರಿ ಇಷ್ಟು.

ಈ ಊಟದ ಪಾಲನ್ನು 100 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರಲ್ಲಿ 71 ರೂಪಾಯಿ ಗದ್ದೆ, ದನಕರು, ಕಾಡು ಕಡಿದ ನೆಲ ಇವುಗಳದು. ಉಳಿದದ್ದು 29 ರೂಪಾಯಿ. ಆ 29ರಲ್ಲಿ ಲಾರಿ, ರೈಲು, ಹಡಗಿನ ಪಾಲು 4 ರೂಪಾಯಿ 80 ಪೈಸೆ. ಕೊಟ್ಟೆ, ಡಬ್ಬ, ಬಾಟಲಿ, ರಟ್ಟಿನ ಪೆಟ್ಟಿಗೆಯ ಪಾಲು 5 ರೂಪಾಯಿ 40 ಪೈಸೆ.

ನೋಡಿದಿರಾ? ಊಟವನ್ನು ದೂರ ದೂರ ಹೊತ್ತು ತರುವುದಕ್ಕಿಂತ ಅದನ್ನು ಕಟ್ಟುವ ವಸ್ತುವಿನ ಪಾಲೇ ಹೆಚ್ಚು!

ಕಾಣದ ಹೊಗೆ

ಕೊಟ್ಟೆ ನಮ್ಮ ಕೈಗೆ ಬರುವಾಗ ಚೊಕ್ಕವಾಗಿರುತ್ತದೆ. ಅದರ ಹೊಗೆ ನಮಗೆ ಕಾಣುವುದಿಲ್ಲ. ಪ್ಲಾಸ್ಟಿಕ್ಕನ್ನು ನೆಲದಡಿಯ ಎಣ್ಣೆ, ಅನಿಲದಿಂದ ಮಾಡುತ್ತಾರೆ. ಗಾಜನ್ನು ದೊಡ್ಡ ಕುಲುಮೆಯಲ್ಲಿ ಕರಗಿಸುತ್ತಾರೆ. ಅಲ್ಯೂಮಿನಿಯಂ ಮಾಡಲು ಬಹಳ ಕರೆಂಟು ಬೇಕು. ಹೊಗೆ ಏಳುವುದು ಅಲ್ಲಿ.

ಹಾಲಿನ ಕೊಟ್ಟೆಯಂಥ ಪ್ಲಾಸ್ಟಿಕ್ 1 ಕಿಲೋ ತಯಾರಿಸುವಾಗ ಸುಮಾರು 2 ಕಿಲೋ ಅನಿಲ ಗಾಳಿಗೆ ಸೇರುತ್ತದೆ. ಅದನ್ನು ಸುಟ್ಟರೆ ಮತ್ತೆ ಸುಮಾರು 3 ಕಿಲೋ. ಒಂದು ಕಿಲೋ ಸುಟ್ಟರೆ ಮೂರು ಕಿಲೋ ಆಗುವುದು ಹೇಗೆ? ಪ್ಲಾಸ್ಟಿಕ್ಕಿನ ಇಂಗಾಲದ ಜೊತೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. ಅದಕ್ಕೇ ತೂಕ ಏರುತ್ತದೆ.

ಬಚ್ಚಲ ಒಲೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನಿಂದ ವಿಷದ ಹೊಗೆಯೂ ಬರುತ್ತದೆ. ಆ ಹೊಗೆ ಕುಡಿಯುವವರು ಯಾರು? ಒಲೆಯ ಮುಂದೆ ಕೂತ ನಾವು. ಪಕ್ಕದಲ್ಲಿ ಆಡುವ ಮಕ್ಕಳು.

ಹಾಗಾದರೆ ಕೊಟ್ಟೆಯೇ ಬೇಡವೇ?

ಹಾಗಲ್ಲ. ಹಾಲಿನ ಕೊಟ್ಟೆಯ ತೂಕ ಕೆಲವೇ ಗ್ರಾಂ. ಅದು ಒಳಗಿನ ಹಾಲನ್ನು ಕಾಪಾಡುತ್ತದೆ. ಹಾಲು ಕೆಟ್ಟರೆ ದನಕ್ಕೆ ಹಾಕಿದ ಹುಲ್ಲು, ಹಿಂಡಿ, ಕರೆದವಳ ದುಡಿಮೆ ಎಲ್ಲ ನೀರುಪಾಲು. ನಮ್ಮ ಲೆಕ್ಕದಲ್ಲಿ 71 ರೂಪಾಯಿ ಅಲ್ಲೇ ಇತ್ತಲ್ಲ? ಆದ್ದರಿಂದ ಅನ್ನ ಬಿಸಾಡದೇ ಇರುವುದು ಮೊದಲ ಕೆಲಸ. ಊಟವನ್ನು ಕಾಪಾಡುವ ಕೊಟ್ಟೆ ಇರಲಿ. ಏನನ್ನೂ ಕಾಪಾಡದ ಕೊಟ್ಟೆ ಬೇಡ.

ಬಾಳೆಹಣ್ಣಿಗೆ ಸಿಪ್ಪೆಯೇ ಕೊಟ್ಟೆ. ತೆಂಗಿನಕಾಯಿಗೆ ಚಿಪ್ಪೇ ಡಬ್ಬ. ಅವಕ್ಕೆ ಮೇಲಿಂದ ಇನ್ನೊಂದು ಪ್ಲಾಸ್ಟಿಕ್ ಯಾಕೆ?

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕುಮಟಾದ ಸಿಹಿ ಈರುಳ್ಳಿ ನೋಡಿ. ಅದರ ಒಣಗಿದ ಎಲೆಯನ್ನೇ ಹೆಣೆದು ಗೊಂಚಲು ಕಟ್ಟುತ್ತಾರೆ. ತೂಗು ಹಾಕಿದರೆ ಕೆಡದೆ ಬಹಳ ದಿನ ಇರುತ್ತದೆ. ಅಕ್ಕಿಗೆ ಹುಲ್ಲಿನ ಮುಡಿ ಇತ್ತು. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡಬು ಬೇಯಿಸುವುದು ಇಂದಿಗೂ ಇದೆ. ನಾಲ್ಕೈದು ನೂರು ವರ್ಷದ ಹಿಂದೆ ನಮ್ಮ ಮಿರ್ಜಾನದ ಬಂದರಿನಿಂದ ಕಾಳುಮೆಣಸು ಹೊರದೇಶಕ್ಕೆ ಹೋಗುತ್ತಿತ್ತು. ಪ್ಲಾಸ್ಟಿಕ್ ಇಲ್ಲದೆಯೇ ಅದು ಸಮುದ್ರ ದಾಟಿತು.

ನಾವು ಏನು ಮಾಡಬಹುದು?

1. ಸಂತೆಗೆ ಹೋಗುವಾಗ ಚೀಲ ಒಯ್ಯಿರಿ. ಹೊಸ ಚೀಲ ಕೊಳ್ಳುವುದು ಬೇಡ. ಅದನ್ನು ಮಾಡುವುದಕ್ಕೂ ಹೊಗೆ ಬೇಕು. ಹಳೆ ಸೀರೆಯಿಂದ ಹೊಲಿಯಿರಿ. ಹರಿಯುವ ತನಕ ಬಳಸಿ.

2. ಮೀನಿಗೆ, ಎಣ್ಣೆಗೆ ಮನೆಯಿಂದಲೇ ಪಾತ್ರೆ ಒಯ್ಯಿರಿ.

3. ಸಣ್ಣ ಸಣ್ಣ ಕೊಟ್ಟೆ ಕೊಳ್ಳುವ ಬದಲು, ಕೈಯಲ್ಲಿ ದುಡ್ಡಿದ್ದಾಗ ದೊಡ್ಡದು ಕೊಳ್ಳಿ. ಒಬ್ಬಳಿಗೆ ಆಗದಿದ್ದರೆ ನಾಲ್ಕು ಮನೆಯವರು ಕೂಡಿ ತಂದು ಹಂಚಿಕೊಳ್ಳಿ.

4. ತಿಂಡಿಯನ್ನು ಪೇಪರಿನಲ್ಲಿ ಕಟ್ಟಬೇಡಿ. ಅದರ ಶಾಯಿ ಹೊಟ್ಟೆಗೆ ಹೋಗುತ್ತದೆ. ಬಾಳೆ ಎಲೆ ಒಳ್ಳೆಯದು.

5. ಪ್ಲಾಸ್ಟಿಕ್ ಸುಡಬೇಡಿ. ಹೊಳೆಗೆ ಎಸೆಯಬೇಡಿ. ತೊಳೆದು ಒಣಗಿಸಿ ಬೇರೆ ಇಡಿ.

ಇದು ಹೆಂಗಸರೊಬ್ಬರ ಕೆಲಸವೇ? ಅಲ್ಲ. ಕೊಟ್ಟೆ ಮಾಡಿದವರು ನಾವಲ್ಲ. ಕೇಂದ್ರ ಸರ್ಕಾರದ 2016ರ ನಿಯಮ ಹೀಗೆ ಹೇಳುತ್ತದೆ: ತಾವು ಮಾರಿದ ಪ್ಲಾಸ್ಟಿಕ್ಕನ್ನು ವಾಪಸು ಸಂಗ್ರಹಿಸುವ ಹೊಣೆ ಕಂಪನಿಗಳದ್ದು. ಹಳ್ಳಿಯ ಪ್ಲಾಸ್ಟಿಕ್ ಕಸದ ವ್ಯವಸ್ಥೆ ಮಾಡುವ ಹೊಣೆ ಗ್ರಾಮ ಪಂಚಾಯತಿಯದ್ದು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮಾರುವುದು ದೇಶದಲ್ಲೇ ನಿಷೇಧ. ಗ್ರಾಮಸಭೆಗೆ ಹೋಗಿ. ಎದ್ದು ನಿಂತು ಕೇಳಿ: "ನಾವು ಕೊಟ್ಟೆ ತೊಳೆದು ಇಟ್ಟಿದ್ದೇವೆ. ಒಯ್ಯುವ ಗಾಡಿ ಯಾವಾಗ ಬರ್ತದೆ?" ಓದು ಬಲ್ಲವಳು ನೀವು. ಈ ಪ್ರಶ್ನೆಯನ್ನು ಬರೆದೂ ಕೊಡಬಹುದು.

ಮಾಡಿ ನೋಡಿ

ಒಂದು ವಾರ ಮನೆಗೆ ಬಂದ ಕೊಟ್ಟೆಗಳನ್ನೆಲ್ಲ ಕೂಡಿಡಿ. ಎಣಿಸಿ ಬರೆಯಿರಿ. ಊಟವನ್ನು ಕಾಪಾಡಿದ್ದು ಎಷ್ಟು? ಸುಮ್ಮನೆ ಬಂದದ್ದು ಎಷ್ಟು? ಮುಂದಿನ ವಾರ ಮತ್ತೆ ಎಣಿಸಿ. ಎರಡೂ ಲೆಕ್ಕವನ್ನು ತರಗತಿಯಲ್ಲಿ ಓದಿ ಹೇಳಿ.