ಕೋಡಿನಲ್ಲಿ ತಾಯಿಗೆ ಇಟ್ಟ ಹೆಸರು
ಪುಣೆಗೆ ಬಂದು ಆರು ವರ್ಷವಾಯಿತು. ಹೆಂಡತಿಗೆ ಎಂಟು ತಿಂಗಳಾಗಿದ್ದಾಗ ಒಂದು ರಾತ್ರಿ ಮಗುವಿನ ಚಲನೆ ಕಡಿಮೆ ಎನಿಸಿ ಆಸ್ಪತ್ರೆಗೆ ಓಡಿದೆವು. ಹೊಟ್ಟೆಯ ಮೇಲೆ ಡಾಪ್ಲರ್ ಇಟ್ಟಾಗ ಪರದೆಯಲ್ಲಿ ಬಂದದ್ದು 88. ಗರ್ಭದಲ್ಲಿರುವ ಮಗುವಿನ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತದೆ. ನನ್ನ ಕೈಕಾಲು ತಣ್ಣಗಾದವು.

ಸಿಸ್ಟರ್ ಗಾಬರಿಯಾಗಲಿಲ್ಲ. ಹೆಂಡತಿಯ ಕೈ ಹಿಡಿದು ನಾಡಿ ಎಣಿಸಿದರು. ಅದೂ 88! ‘ಇದು ತಾಯಿಯದು’ ಎಂದು ಮರಾಠಿಯಲ್ಲಿ ಹೇಳಿ ಡಾಪ್ಲರನ್ನು ಸ್ವಲ್ಪ ಸರಿಸಿದರು. 142 ಬಂತು.

ಎಂ.ಟೆಕ್‌ನಲ್ಲಿ ನನ್ನ ಪ್ರಾಜೆಕ್ಟ್ ಇದೇ ವಿಷಯದ್ದು. ತಾಯಿಯ ಹೊಟ್ಟೆಗೆ ಎಲೆಕ್ಟ್ರೋಡ್ ಅಂಟಿಸಿದರೆ ಮಗುವಿನ ಇಸಿಜಿಯೂ ಸಿಗುತ್ತದೆ. ಆದರೆ ತಾಯಿಯದು ಅದಕ್ಕಿಂತ ಹಲವು ಪಟ್ಟು ದೊಡ್ಡದು; ಜಾತ್ರೆಯಲ್ಲಿ ಪಿಸುಮಾತು ಹುಡುಕಿದಂತೆ. ಎರಡರ ಆವರ್ತನಗಳೂ ಬೆರೆತಿರುವುದರಿಂದ ಸಾಮಾನ್ಯ ಫಿಲ್ಟರ್ ಸಾಲದು. 1975ರಲ್ಲಿ ಅಮೆರಿಕದ ಬರ್ನಾರ್ಡ್ ವಿಡ್ರೋ ಮತ್ತು ಸಂಗಡಿಗರು ಒಂದು ದಾರಿ ತೋರಿದರು. ತಾಯಿಯ ಎದೆಯಿಂದ ಪ್ರತ್ಯೇಕ ಸಿಗ್ನಲ್ ಪಡೆಯುವುದು. ಅದು ಹೊಟ್ಟೆಯಲ್ಲಿ ಹೇಗೆ ಕಾಣುತ್ತದೆಂದು ಫಿಲ್ಟರ್ ತಾನೇ ಕಲಿತು, ಅಷ್ಟನ್ನು ಕಳೆಯುವುದು. ಉಳಿದದ್ದು ಮಗುವಿನದು.

ನನ್ನ ಕೋಡಿನಲ್ಲಿ ತಾಯಿಯ ಬಡಿತಕ್ಕೆ ಇಟ್ಟಿದ್ದ ಹೆಸರು ‘ನಾಯ್ಸ್’. ಅದನ್ನು ಮೊದಲು ಅರಿಯದೆ ಮಗುವಿನದನ್ನು ಗುರುತಿಸಲಾಗದು ಎಂಬುದು ಆ ಗಣಿತದಲ್ಲೇ ಇತ್ತು. ನನಗೆ ನಾಟಿದ್ದು ಸಿಸ್ಟರ್ ನಾಡಿ ಹಿಡಿದಾಗ.

ಊರಿನಿಂದ ದೂರವಿದ್ದು, ಮನೆಯಲ್ಲಿ ಹಿರಿಯರಿಲ್ಲದೆ ಹೆರಿಗೆಗೆ ಕಾಯುತ್ತಿರುವವರಿಗೆ ಒಂದು ಮಾತು: ಮಗುವಿನ ಚಲನೆ ಕಡಿಮೆಯಾದರೆ ಮೊಬೈಲ್ ಆ್ಯಪ್, ಮನೆಯ ಡಾಪ್ಲರ್ ನಂಬಿ ಕೂರಬೇಡಿ. ಕೇಳಿಸುತ್ತಿರುವುದು ತಾಯಿಯ ಬಡಿತವೇ ಇರಬಹುದು. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.